ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್

ಹಣ ತೆತ್ತು ತಮ್ಮ ಭಾವಚಿತ್ರವನ್ನು ತೆಗೆಸಿಕೊಳ್ಳಲು ಬರುವವರಿಗೆ ಒಂದು ಆಸೆ ಇರುತ್ತದೆ. ತಾವು ಚೆನ್ನಾಗಿ ಕಾಣಬೇಕು, ಮನೆಯವರು ಮೆಚ್ಚಬೇಕು, ಮಕ್ಕಳು ಮೊಮ್ಮಕ್ಕಳು ಗೋಡೆಯ ಮೇಲಿನ ಚಿತ್ರವನ್ನು ನೋಡಿ ಹೆಮ್ಮೆಪಡಬೇಕು ಎಂಬುದೇ ಆ ಆಸೆ. ಚಿತ್ರ ತೆಗೆಯುವವರ ಅನ್ನ ಈ ಆಸೆಯನ್ನು ಈಡೇರಿಸುವುದರ ಮೇಲೆ ನಿಂತಿದೆ. ಇದ್ದುದನ್ನು ಇದ್ದಂತೆ ತೋರಿಸಿದರೆ ಗಿರಾಕಿ ಮುನಿದಾನು. ಮುಖಸ್ತುತಿಗೆ ಇಳಿದರೆ ಕಲೆ ಸೊರಗೀತು. ಇಂತಹ ಇಕ್ಕಟ್ಟಿನ ವೃತ್ತಿಯಲ್ಲಿ ಸುಮಾರು ಹದಿನಾರು ವರ್ಷ ದುಡಿದು, ಅಲ್ಲಿ ಕಲಿತ ವಿದ್ಯೆಯನ್ನು ಕಾಸಿಲ್ಲದ ಜನರ ಬಳಿಗೆ ಕೊಂಡೊಯ್ದವಳು ಅಮೆರಿಕದ ಡೊರೊಥಿಯಾ ಲ್ಯಾಂಗ್.

ಆಕೆ ಹುಟ್ಟಿದ್ದು 1895ರ ಮೇ 26ರಂದು, ನ್ಯೂಯಾರ್ಕ್ ನಗರಕ್ಕೆ ಎದುರಾಗಿ ಹಡ್ಸನ್ ನದಿಯ ಆಚೆಯ ದಡದಲ್ಲಿರುವ ಹೊಬೊಕೆನ್ ಎಂಬ ಊರಿನಲ್ಲಿ. ಮನೆತನದ ಹಿರಿಯರು ಜರ್ಮನಿಯಿಂದ ವಲಸೆ ಬಂದು ನೆಲೆಸಿದವರು. ತಂದೆ ವಕೀಲ. ಡೊರೊಥಿಯಾಳಿಗೆ ಏಳು ವರ್ಷವಾಗಿದ್ದಾಗ, 1902ರಲ್ಲಿ, ಪೋಲಿಯೊ ಜಾಡ್ಯ ತಗುಲಿತು. ಆ ಕಾಲದಲ್ಲಿ ಅದಕ್ಕೆ ಲಸಿಕೆ ಇರಲಿಲ್ಲ. ಪ್ರಾಣ ಉಳಿಯಿತಾದರೂ ಬಲಗಾಲು ಮೊಣಕಾಲಿನಿಂದ ಕೆಳಗೆ ಶಕ್ತಿಗುಂದಿತು. ಅಂದಿನಿಂದ ಬದುಕಿನ ಕೊನೆಯವರೆಗೂ ಆಕೆ ಕುಂಟುತ್ತಲೇ ನಡೆದಳು. ಓರಗೆಯ ಮಕ್ಕಳು ಕುಂಟಿ ಎಂದು ಕರೆದು ಹಂಗಿಸುತ್ತಿದ್ದರು. ಅದಕ್ಕಿಂತಲೂ ಹೆಚ್ಚಾಗಿ ಆಕೆಯ ಮನಸ್ಸನ್ನು ನೋಯಿಸಿದ್ದು ತಾಯಿಯ ನಡವಳಿಕೆ. ದಾರಿಯಲ್ಲಿ ಪರಿಚಿತರು ಎದುರಾದಾಗಲೆಲ್ಲ, ಆದಷ್ಟೂ ಚೆನ್ನಾಗಿ ನಡೆಯುವಂತೆ ತಾಯಿ ಮೆಲ್ಲನೆ ಎಚ್ಚರಿಸುತ್ತಿದ್ದಳು. ಇತರರ ಕಣ್ಣಿಗೆ ತಾನು ಹೇಗೆ ಕಾಣುತ್ತೇನೆ ಎಂಬ ಅಳುಕು ಮನುಷ್ಯನನ್ನು ಎಷ್ಟು ಹಿಂಡಬಲ್ಲದು ಎಂಬುದನ್ನು ಆ ಹುಡುಗಿ ಬಹು ಎಳೆಯ ವಯಸ್ಸಿನಲ್ಲಿಯೇ ತಿಳಿದಳು.

ಹನ್ನೆರಡನೆಯ ವಯಸ್ಸಿನಲ್ಲಿ ಮತ್ತೊಂದು ಆಘಾತ ಒದಗಿತು. 1907ರಲ್ಲಿ ತಂದೆ ಮನೆಯನ್ನು ತೊರೆದು ಹೋದನು. ತಾಯಿ ನ್ಯೂಯಾರ್ಕಿನ ಬಡ ಕೇರಿಯೊಂದರ ಸಾರ್ವಜನಿಕ ಗ್ರಂಥಭಂಡಾರದಲ್ಲಿ ಕೆಲಸಕ್ಕೆ ಸೇರಿ ಸಂಸಾರವನ್ನು ಸಾಗಿಸತೊಡಗಿದಳು. ಡೊರೊಥಿಯಾ ತಾಯಿಯೊಡನೆ ದಿನವೂ ದೋಣಿಯಲ್ಲಿ ನದಿ ದಾಟಿ ಬಂದು, ಆ ಕೇರಿಯ ಶಾಲೆಯಲ್ಲಿಯೇ ಓದಿದಳು. ಅಲ್ಲಿನ ಮಕ್ಕಳಲ್ಲಿ ಬಹುಮಂದಿ ಪೂರ್ವ ಯೂರೋಪಿನಿಂದ ಬಂದ ಯೆಹೂದ್ಯ ಕುಟುಂಬಗಳವರು. ಶಾಲೆ ಬಿಟ್ಟ ಮೇಲೆ ಗ್ರಂಥಭಂಡಾರದ ಕಿಟಕಿಯಲ್ಲಿ ಕುಳಿತು, ಎದುರಿನ ಮನೆಗಳಲ್ಲಿ ನಡೆಯುವ ಬಾಳನ್ನು ನೋಡುವುದು ಆಕೆಯ ಅಭ್ಯಾಸವಾಯಿತು. ಮನೆಗೆ ಒಬ್ಬಳೇ ಹಿಂದಿರುಗಬೇಕಾದ ಸಂಜೆಗಳಲ್ಲಿ, ಕುಡುಕರು ಬಿದ್ದುಕೊಂಡಿರುತ್ತಿದ್ದ ಬೀದಿಯನ್ನು ಹಾಯ್ದು ಹೋಗಬೇಕಾಗುತ್ತಿತ್ತು. ಯಾರ ಗಮನವನ್ನೂ ಸೆಳೆಯದಂತೆ ಮುಖಭಾವವನ್ನು ಇಟ್ಟುಕೊಂಡು ಜನರ ನಡುವೆ ಸಾಗುವುದನ್ನು ಆಕೆ ಆಗ ಕಲಿತಳು. ಮುಂದೆ ಕ್ಯಾಮೆರಾ ಹಿಡಿದಾಗ ಈ ವಿದ್ಯೆ ಆಕೆಗೆ ತುಂಬ ಒದಗಿತು.

ಪ್ರೌಢಶಾಲೆಯಲ್ಲಿ ಆಕೆಯ ಓದು ಅಷ್ಟಕ್ಕಷ್ಟೇ. ತರಗತಿಗೆ ತಪ್ಪಿಸಿಕೊಂಡು ನಗರದ ಬೀದಿಗಳಲ್ಲಿ ಅಲೆದ ದಿನಗಳೇ ಹಲವು. 1913ರಲ್ಲಿ ಶಾಲೆ ಮುಗಿದಾಗ, ಮುಂದೇನು ಎಂದು ಮನೆಯವರು ಕೇಳಿದರು. ತಾನು ಛಾಯಾಗ್ರಾಹಕಿಯಾಗುತ್ತೇನೆ ಎಂದು ಆಕೆ ಉತ್ತರ ಕೊಟ್ಟಳು. ವಿಚಿತ್ರವೆಂದರೆ, ಆ ದಿನದವರೆಗೆ ಆಕೆ ಒಂದು ಚಿತ್ರವನ್ನೂ ತೆಗೆದಿರಲಿಲ್ಲ; ಆಕೆಯ ಬಳಿ ಕ್ಯಾಮೆರಾ ಕೂಡ ಇರಲಿಲ್ಲ. ಹೆಣ್ಣುಮಗಳಿಗೆ ಆಪತ್ಕಾಲಕ್ಕೆ ಆಧಾರವಾಗಿ ಒಂದು ಉದ್ಯೋಗವಿರಲೆಂದು ತಾಯಿ ಆಕೆಯನ್ನು ಉಪಾಧ್ಯಾಯಿನಿಯರ ತರಬೇತಿ ಶಾಲೆಗೆ ಸೇರಿಸಿದಳು. ಗಂಡನಿಲ್ಲದೆ ಸಂಸಾರ ತೂಗಿದ ತಾಯಿಯ ಮಾತಿನಲ್ಲಿ ವಿವೇಕವಿತ್ತು. ಆದರೆ ಮಗಳ ಮನಸ್ಸು ಅಲ್ಲಿ ನಿಲ್ಲಲಿಲ್ಲ.

ನ್ಯೂಯಾರ್ಕಿನ ಐದನೆಯ ಅವೆನ್ಯೂ ಸಿರಿವಂತರ ಬೀದಿ. ಅಲ್ಲಿ ಆರ್ನಲ್ಡ್ ಗೆಂಥೆ ಎಂಬ ಹೆಸರಾಂತ ಛಾಯಾಗ್ರಾಹಕನ ಸ್ಟುಡಿಯೊ ಇತ್ತು. ಜರ್ಮನಿಯಲ್ಲಿ ಪ್ರಾಚೀನ ಭಾಷೆಗಳನ್ನು ಓದಿ ಪಂಡಿತನಾಗಿದ್ದ ಈತ, 1906ರ ಭೂಕಂಪದಲ್ಲಿ ಉರಿದುಹೋದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಚಿತ್ರಗಳಿಂದ ಖ್ಯಾತಿ ಪಡೆದಿದ್ದನು. ಒಂದು ದಿನ ಡೊರೊಥಿಯಾ ಯಾರ ಶಿಫಾರಸೂ ಇಲ್ಲದೆ ಆ ಸ್ಟುಡಿಯೊದ ಬಾಗಿಲು ತಟ್ಟಿ ಕೆಲಸ ಕೇಳಿದಳು. ಕೆಲಸ ಸಿಕ್ಕಿತು. ಬಂದವರನ್ನು ಬರಮಾಡಿಕೊಳ್ಳುವುದು, ಟೆಲಿಫೋನಿಗೆ ಉತ್ತರ ಕೊಡುವುದು, ಮುದ್ರಿತ ಚಿತ್ರಗಳಲ್ಲಿ ಉಳಿದ ಬಿಳಿಯ ಚುಕ್ಕೆಗಳನ್ನು ಕುಂಚದಿಂದ ಮಸಿ ತುಂಬಿ ಮುಚ್ಚುವುದು, ನೆಗೆಟಿವ್‌ಗಳನ್ನು ಚೂಪಾದ ಸಣ್ಣ ಚಾಕುವಿನಿಂದ ಕೆರೆದು ತಿದ್ದುವುದು, ಚಿತ್ರಗಳನ್ನು ದಪ್ಪ ಕಾಗದಕ್ಕೆ ಅಂಟಿಸುವುದು ಇವೆಲ್ಲ ಆಕೆಯ ಪಾಲಿಗೆ ಬಂದವು. ಇವು ಚಿಲ್ಲರೆ ಕೆಲಸಗಳೆಂದು ತೋರಬಹುದು. ಆದರೆ ಗಿರಾಕಿ ಒಳಗೆ ಬಂದ ಗಳಿಗೆಯಿಂದ ಚಿತ್ರವನ್ನು ಕೈಯಲ್ಲಿ ಹಿಡಿದು ಹೊರಡುವ ತನಕ ಏನೇನು ನಡೆಯುತ್ತದೆ ಎಂಬುದು ಈ ಕೆಲಸಗಳಿಂದಲೇ ತಿಳಿಯುತ್ತದೆ. ಆಕೆಗೆ ಮೊದಲ ಕ್ಯಾಮೆರಾವನ್ನು ಕೊಟ್ಟವನೂ ಗೆಂಥೆಯೇ. ಅದು ಸಿಕ್ಕ ಮೇಲೆ ತರಬೇತಿ ಶಾಲೆಗೆ ಆಕೆ ಪೂರ್ಣವಾಗಿ ಬೆನ್ನು ತಿರುಗಿಸಿದಳು.

ಅಲ್ಲಿಂದ ಮುಂದೆ ಆಕೆ ಒಂದು ಸ್ಟುಡಿಯೊದಿಂದ ಮತ್ತೊಂದಕ್ಕೆ ಹೋಗುತ್ತ ಕಸುಬಿನ ಒಳಹೊರಗುಗಳನ್ನು ಕಲಿತಳು. ಒಂದು ಕಡೆ ಶ್ರೀಮಂತರ ಮನೆಗಳಿಗೆ ಟೆಲಿಫೋನ್ ಮಾಡಿ ಗಿರಾಕಿಗಳನ್ನು ಒಲಿಸುವ ಬಗೆಯನ್ನು ಕಂಡಳು. ಮಹಿಳೆಯೊಬ್ಬಳು ನಡೆಸುತ್ತಿದ್ದ ಇನ್ನೊಂದು ಸ್ಟುಡಿಯೊದಲ್ಲಿ ಚಿತ್ರ ತೆಗೆಯುವ ನೌಕರ ಇದ್ದಕ್ಕಿದ್ದಂತೆ ಕೆಲಸ ಬಿಟ್ಟುಹೋದನು. ಸಿರಿವಂತ ಕುಟುಂಬವೊಂದರ ಚಿತ್ರ ತೆಗೆಯುವುದು ಆಗಲೇ ಗೊತ್ತಾಗಿತ್ತು. ಬೇರೆ ಯಾರೂ ಇಲ್ಲದೆ, ಒಡತಿ ಡೊರೊಥಿಯಾಳನ್ನೇ ಕಳುಹಿಸಿದಳು. ದೊಡ್ಡ ಕ್ಯಾಮೆರಾವನ್ನು ಹೊತ್ತು ಹೊರಟ ಆ ತರುಣಿಯ ಕೈಕಾಲು ನಡುಗುತ್ತಿದ್ದುವು. ಆದರೂ ಇಂತಹ ಮನೆಗಳಲ್ಲಿ ನುರಿತ ಛಾಯಾಗ್ರಾಹಕರು ಹೇಗೆ ನಡೆದುಕೊಳ್ಳುತ್ತಾರೆ, ಜನರಿಗೆ ಯಾವ ಬಗೆಯ ಚಿತ್ರ ಹಿಡಿಸುತ್ತದೆ, ಯಾವುದು ಹಿಡಿಸುವುದಿಲ್ಲ ಎಂಬುದನ್ನು ಆಕೆ ಅದುವರೆಗೆ ಸದ್ದಿಲ್ಲದೆ ಗಮನಿಸಿದ್ದಳು. ಆ ಗಮನವೇ ಕೈ ಹಿಡಿಯಿತು. ಚಿತ್ರಗಳು ಒಪ್ಪಿಗೆಯಾದುವು, ಅಂತಹ ಕೆಲಸಗಳು ಮತ್ತೆ ಮತ್ತೆ ಆಕೆಗೆ ದೊರೆತುವು. ತನ್ನಿಂದ ಈ ವೃತ್ತಿ ಸಾಧ್ಯ ಎಂಬ ನಂಬಿಕೆ ಹುಟ್ಟಿದ್ದು ಆಗ.

ಈ ಅವಧಿಯಲ್ಲಿಯೇ, ಊರೂರು ತಿರುಗಿ ಚಿತ್ರ ತೆಗೆಯುತ್ತಿದ್ದ ಮುದುಕನೊಬ್ಬ ಆಕೆಯ ಮನೆಯ ಬಾಗಿಲಿಗೆ ಬಂದನು. ಅವನಿಗೆ ಚಿತ್ರಗಳನ್ನು ಸಂಸ್ಕರಿಸಲು ಜಾಗವಿರಲಿಲ್ಲ. ಡೊರೊಥಿಯಾ ಹಿತ್ತಲಿನಲ್ಲಿದ್ದ ಹಳೆಯ ಕೋಳಿಗೂಡನ್ನು ಅವನಿಗೆ ಬಿಟ್ಟುಕೊಟ್ಟಳು. ಅವನು ಅದನ್ನು ಕತ್ತಲ ಕೋಣೆಯಾಗಿ ಮಾರ್ಪಡಿಸಿ, ಪ್ರತಿಯಾಗಿ ತನಗೆ ಗೊತ್ತಿದ್ದುದನ್ನೆಲ್ಲ ಆಕೆಗೆ ಕಲಿಸಿಕೊಟ್ಟನು. 1917ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕ್ಲಾರೆನ್ಸ್ ವೈಟ್ ಎಂಬ ಕಲಾವಿದನ ಪಾಠಗಳಿಗೂ ಆಕೆ ಹೋದಳು. ಆತ ಕೊಟ್ಟ ಅಭ್ಯಾಸಗಳನ್ನು ಆಕೆ ಹೆಚ್ಚುಕಡಿಮೆ ಒಂದನ್ನೂ ಮಾಡಲಿಲ್ಲವಂತೆ. ಆದರೆ ಯಾರನ್ನೂ ಬಲವಂತದಿಂದ ತನ್ನ ದಾರಿಗೆ ಎಳೆಯದ ಆ ಸಾತ್ವಿಕ ಗುರುವನ್ನು ಆಕೆ ಕೊನೆಯವರೆಗೂ ಗೌರವದಿಂದ ನೆನೆಯುತ್ತಿದ್ದಳು. ವಿಶ್ವವಿದ್ಯಾಲಯದ ಗುರುವಿನಿಂದ ಪಡೆದಷ್ಟನ್ನೇ ಆಕೆ ಕೋಳಿಗೂಡಿನ ಗುರುವಿನಿಂದಲೂ ಪಡೆದಳು ಎನ್ನಬೇಕು.

1918ರಲ್ಲಿ ಡೊರೊಥಿಯಾ ತನ್ನ ಬಾಲ್ಯದ ಗೆಳತಿಯೊಡನೆ ಲೋಕವನ್ನೇ ಸುತ್ತಿಬರಲು ಹೊರಟಳು. ದುಡಿದು ಉಳಿಸಿದ ಹಣವೆಲ್ಲ ಜೊತೆಯಲ್ಲಿತ್ತು. ಹಣ ಮುಗಿದರೆ ದಾರಿಯಲ್ಲಿ ಚಿತ್ರ ತೆಗೆದು ಸಂಪಾದಿಸುವ ಧೈರ್ಯವೂ ಇತ್ತು. ಹಡಗಿನಲ್ಲಿ ನ್ಯೂ ಆರ್ಲಿಯನ್ಸ್ ತಲುಪಿ, ಅಲ್ಲಿಂದ ರೈಲಿನಲ್ಲಿ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಬಂದರು. ಬಂದಿಳಿದ ಕೆಲವೇ ಗಂಟೆಗಳಲ್ಲಿ ಕಿಸೆಗಳ್ಳನೊಬ್ಬ ಅವರ ಹಣವನ್ನೆಲ್ಲ ಲಪಟಾಯಿಸಿದನು. ಕೈಯಲ್ಲಿ ಉಳಿದದ್ದು ಒಂದಿಷ್ಟು ಚಿಲ್ಲರೆ. ಲೋಕಯಾತ್ರೆ ಅಲ್ಲಿಗೇ ಮುಗಿಯಿತು. ಇಬ್ಬರೂ ದುಡಿಯುವ ಹೆಣ್ಣುಮಕ್ಕಳ ವಸತಿಗೃಹವೊಂದರಲ್ಲಿ ತಂಗಿ, ಮರುದಿನವೇ ಕೆಲಸ ಹುಡುಕತೊಡಗಿದರು.

ಡೊರೊಥಿಯಾಳಿಗೆ ಮಾರ್ಕೆಟ್ ಬೀದಿಯ ಅಂಗಡಿಯೊಂದರಲ್ಲಿ ಕೆಲಸ ದೊರೆಯಿತು. ಜನರು ತಂದುಕೊಡುವ ಫಿಲ್ಮ್ ಸುರುಳಿಗಳನ್ನು ತೆಗೆದುಕೊಂಡು, ತೊಳೆದು ಮುದ್ರಿಸಿದ ಚಿತ್ರಗಳನ್ನು ಅವರಿಗೆ ಹಿಂದಿರುಗಿಸುವ ಕಟ್ಟೆಯಲ್ಲಿ ಆಕೆ ನಿಂತಳು. ಊರಿನ ಕಲಾವಿದರೂ ಛಾಯಾಗ್ರಾಹಕರೂ ಆ ಕಟ್ಟೆಗೆ ಬರುತ್ತಿದ್ದರು. ಅವರಲ್ಲಿ ಅನೇಕರು ಆಕೆಯ ಜೀವಮಾನದ ಸ್ನೇಹಿತರಾದರು. ಛಾಯಾಗ್ರಾಹಕಿ ಇಮೋಜೆನ್ ಕನಿಂಗ್‌ಹ್ಯಾಮ್ ಅಂಥವರಲ್ಲಿ ಒಬ್ಬಳು. ಈ ಹೊಸ ಊರಿನಲ್ಲಿ ಆಕೆ ತಂದೆಯ ಮನೆತನದ ಹೆಸರನ್ನು ಬಿಟ್ಟು, ತಾಯಿಯ ತೌರಿನ ಹೆಸರಾದ ಲ್ಯಾಂಗ್ ಎಂಬುದನ್ನು ಇಟ್ಟುಕೊಂಡಳು. ತೊರೆದುಹೋದ ತಂದೆಯ ವಿಚಾರವನ್ನು ಮುಂದೆ ಆಕೆ ಬಾಯಿಬಿಟ್ಟು ಆಡಿದ್ದೇ ಅಪರೂಪ.

ಕತ್ತಲ ಕೋಣೆಯ ಸೌಕರ್ಯಕ್ಕಾಗಿ ಆಕೆ ಊರಿನ ಕ್ಯಾಮೆರಾ ಸಂಘವನ್ನು ಸೇರಿದಳು. ಆಕೆಯ ಕೈಚಳಕವನ್ನು ಅರಿತ ಪರಿಚಿತನೊಬ್ಬ ಸ್ವಂತ ಸ್ಟುಡಿಯೊ ತೆರೆಯಲು ಹಣ ಸಾಲ ಕೊಟ್ಟನು. ಹೀಗೆ 1919ರ ವೇಳೆಗೆ ಸಟ್ಟರ್ ಬೀದಿಯ 540ನೆಯ ಸಂಖ್ಯೆಯ ಕಟ್ಟಡದಲ್ಲಿ ಡೊರೊಥಿಯಾ ಲ್ಯಾಂಗಳ ಭಾವಚಿತ್ರ ಸ್ಟುಡಿಯೊ ನಡೆಯುತ್ತಿತ್ತು. ಆಕೆಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಕಟ್ಟಡದ ಮುಂಭಾಗದಲ್ಲಿ ಕಲಾಕೃತಿಗಳನ್ನು ಮಾರುವ ಮಳಿಗೆ. ಹಿಂಭಾಗದಲ್ಲಿ ಆಕೆಯ ಕೋಣೆಗಳು. ನೆಲಮಾಳಿಗೆಯಲ್ಲಿ ಕತ್ತಲ ಕೋಣೆ. ಗಿರಾಕಿಗಳು ಕುಳಿತುಕೊಳ್ಳಲು ಕರಿಯ ಮಖಮಲ್ಲಿನ ಒಂದು ದೊಡ್ಡ ಸೋಫಾ ಇತ್ತು. ಸಂಜೆಯಾಗುತ್ತಲೇ ರಷ್ಯನ್ ಮಾದರಿಯ ಪಾತ್ರೆಯಲ್ಲಿ ಚಹಾ ಕುದಿಯುತ್ತಿತ್ತು. ಕಲಾವಿದರೂ ಮಿತ್ರರೂ ಬಂದು ಸೇರುತ್ತಿದ್ದರು. ಮೇಲೆ ಹರಟೆ ಸಾಗಿರುವಾಗ ಒಡತಿ ಕೆಳಗಿನ ಕತ್ತಲೆಯಲ್ಲಿ ಮರುದಿನ ಒಪ್ಪಿಸಬೇಕಾದ ಚಿತ್ರಗಳನ್ನು ತೊಳೆಯುತ್ತಿದ್ದುದೂ ಉಂಟು. ಭಾನುವಾರ, ಹಬ್ಬಹುಣ್ಣಿಮೆ ಎಂಬ ಭೇದವಿಲ್ಲದೆ ಆಕೆ ದುಡಿದಳು.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚಿನ್ನದ ಗಣಿಗಳ ಕಾಲದಿಂದ ವ್ಯಾಪಾರ ಮಾಡಿ ಬೆಳೆದ ಅನುಕೂಲವಂತ ಮನೆತನಗಳಿದ್ದುವು. ಅವರಲ್ಲಿ ಹಲವರು ಯೆಹೂದ್ಯರು. ಸಂಗೀತ, ಚಿತ್ರಕಲೆಗಳಿಗೆ ಉದಾರವಾಗಿ ಆಶ್ರಯ ನೀಡುತ್ತಿದ್ದವರು. ಇಂತಹ ಒಂದು ಮನೆಯವರು ಆಕೆಯಿಂದ ಚಿತ್ರ ತೆಗೆಸಿಕೊಂಡು ಮೆಚ್ಚಿದರೆ, ಅವರ ಬಂಧುಗಳೂ ನೆರೆಯವರೂ ಬರುತ್ತಿದ್ದರು. ಬಾಯಿಂದ ಬಾಯಿಗೆ ಹರಡಿದ ಮಾತೇ ಆಕೆಯ ಜಾಹೀರಾತು. ಬೆಲೆ ಅಗ್ಗವಾಗಿರಲಿಲ್ಲ, ಬಂದವರೂ ಅಗ್ಗದ ಕೆಲಸವನ್ನು ಬಯಸಿ ಬಂದವರಲ್ಲ.

ಆ ಕಾಲದ ಸ್ಟುಡಿಯೊಗಳಲ್ಲಿ ಬಣ್ಣ ಬಳಿದ ಪರದೆ, ಹುಸಿ ಕಂಬ, ಹೂಕುಂಡಗಳ ನಡುವೆ ಜನರನ್ನು ಸೆಟೆದು ನಿಲ್ಲಿಸಿ ಚಿತ್ರ ತೆಗೆಯುವುದು ರೂಢಿಯಾಗಿತ್ತು. ಲ್ಯಾಂಗ್ ಇದಾವುದನ್ನೂ ಬಳಸಲಿಲ್ಲ. ಆಡಂಬರದ ಉಡುಪಿಗಿಂತ ಸರಳವಾದ ಬಟ್ಟೆಯೇ ಆಕೆಗೆ ಒಪ್ಪಿಗೆ. ಉಡುಪಿನ ಸೊಗಸು ಹತ್ತು ವರ್ಷಗಳಲ್ಲಿ ಹಳತಾಗುತ್ತದೆ, ಮುಖ ಹಾಗಲ್ಲ. ಮೃದುವಾದ ಬೆಳಕಿನಲ್ಲಿ ಅವರನ್ನು ಕೂರಿಸಿ, ಅವಸರವಿಲ್ಲದೆ ಮಾತನಾಡಿಸುತ್ತ, ಕ್ಯಾಮೆರಾ ಎದುರಿಗಿದೆ ಎಂಬ ಅಳುಕು ಅವರಿಂದ ದೂರವಾಗುವವರೆಗೆ ಕಾಯುತ್ತಿದ್ದಳು. ಮಕ್ಕಳನ್ನು ಆಡಲು ಬಿಟ್ಟು ನೋಡುತ್ತಿದ್ದಳು. ಅನೇಕ ವೇಳೆ ಗಿರಾಕಿಗಳ ಮನೆಗೇ ಹೋಗಿ, ಅವರ ತೋಟದಲ್ಲಿಯೋ ಪಡಸಾಲೆಯಲ್ಲಿಯೋ ಚಿತ್ರ ತೆಗೆಯುತ್ತಿದ್ದಳು. ಜನರ ಕಣ್ಣಿಗೆ ಚೆನ್ನಾಗಿ ಕಾಣಬೇಕೆಂಬ ಒತ್ತಾಯದ ನೋವನ್ನು ಬಾಲ್ಯದಲ್ಲಿ ಉಂಡವಳಿಗೆ, ಚಿತ್ರಕ್ಕೆ ಕುಳಿತವರ ಬಿಗುಮಾನವನ್ನು ಅರ್ಥಮಾಡಿಕೊಳ್ಳುವುದು ಕಷ್ಟವಾಗಿರಲಿಲ್ಲ. ತಾನೂ ಕುಂಟುಗಾಲನ್ನು ಮರೆಮಾಡಲು ಉದ್ದನೆಯ ಲಂಗವನ್ನೇ ತೊಡುತ್ತಿದ್ದಳು.

ಈ ವರ್ಷಗಳಲ್ಲಿ ಆಕೆ ತನ್ನನ್ನು ಕಲಾವಿದೆಯೆಂದು ಕರೆದುಕೊಳ್ಳಲಿಲ್ಲ. ಬಡಗಿ, ದರ್ಜಿಗಳಂತೆ ತಾನೂ ಒಬ್ಬಳು ಕಸುಬುದಾರಳು ಎಂದೇ ಭಾವಿಸಿದ್ದಳು. ತನ್ನ ಸ್ವಂತ ಕಲ್ಪನೆಗಿಂತ ಎದುರಿಗೆ ಕುಳಿತವರ ಅಗತ್ಯ ಮೊದಲು ಎಂಬುದು ಆಕೆಯ ನಿಯಮ. ಹಾಗೆಂದು ಅವರನ್ನು ಹೊಗಳಿ ಮೆಚ್ಚಿಸುವುದು ಆಕೆಯ ಉದ್ದೇಶವೂ ಆಗಿರಲಿಲ್ಲ. ಪ್ರತಿಯೊಬ್ಬರೂ ಏನಾಗಿದ್ದಾರೆಯೋ ಅದನ್ನು ಸಾಧ್ಯವಾದಷ್ಟು ಹತ್ತಿರದಿಂದ ಹಿಡಿಯಲು ಆಕೆ ಶ್ರಮಿಸಿದಳು. ಕಲೆಯ ಇತಿಹಾಸವನ್ನು ಬರೆಯುವವರು ಈ ಸ್ಟುಡಿಯೊದ ಕಾಲವನ್ನು ಒಂದೆರಡು ಮಾತುಗಳಲ್ಲಿ ಮುಗಿಸಿ ಮುಂದಿನ ಕೀರ್ತಿಯ ಕಾಲಕ್ಕೆ ಜಿಗಿಯುವುದುಂಟು. ಆ ಕೀರ್ತಿಯ ಬೇರು ಇಲ್ಲಿದೆ ಎಂಬುದನ್ನು ಮರೆಯಲಾಗದು.

ನೆಲಮಾಳಿಗೆಯ ಕತ್ತಲ ಕೋಣೆಯಲ್ಲಿ ಕೆಲಸ ಮಾಡುತ್ತಿರುವಾಗ, ಮೇಲಿನ ಹಲಗೆಯ ಮೇಲೆ ಬೂಟಿನ ವಿಚಿತ್ರವಾದ ಟಕಟಕ ಸದ್ದು ಆಕೆಗೆ ಕೇಳಿಸುತ್ತಿತ್ತು. ಅದು ಎತ್ತರದ ಹಿಮ್ಮಡಿಯ ಬೂಟು ತೊಡುತ್ತಿದ್ದ ಚಿತ್ರಕಾರ ಮೇನಾರ್ಡ್ ಡಿಕ್ಸನ್ನನ ನಡಿಗೆ. ಅಮೆರಿಕದ ಪಶ್ಚಿಮದ ಮರುಭೂಮಿಗಳನ್ನೂ ಅಲ್ಲಿನ ಮೂಲನಿವಾಸಿಗಳನ್ನೂ ಚಿತ್ರಿಸಿ ಹೆಸರಾಗಿದ್ದ ಆತ ಆಕೆಗಿಂತ ಇಪ್ಪತ್ತು ವರ್ಷ ಹಿರಿಯ. 1920ರ ಮಾರ್ಚಿಯಲ್ಲಿ ಅವರ ವಿವಾಹವಾಯಿತು. 1925ರಲ್ಲಿ ಮತ್ತು 1928ರಲ್ಲಿ ಇಬ್ಬರು ಗಂಡುಮಕ್ಕಳು ಹುಟ್ಟಿದರು. ಡಿಕ್ಸನ್ ಚಿತ್ರ ಬರೆಯಲು ತಿಂಗಳುಗಟ್ಟಲೆ ಅಲೆದಾಡುತ್ತಿದ್ದುದರಿಂದ, ಮನೆಯ ಖರ್ಚಿಗೆ ನಂಬಿಕೆಯ ಆಸರೆಯಾಗಿ ಉಳಿದದ್ದು ಹೆಂಡತಿಯ ಸ್ಟುಡಿಯೊ.

1929ರ ಕೊನೆಯಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ಬ್ಯಾಂಕುಗಳು ಮುಚ್ಚಿದುವು, ಕಾರ್ಖಾನೆಗಳು ನಿಂತುವು, ಲಕ್ಷಾಂತರ ಮಂದಿ ಕೆಲಸವಿಲ್ಲದೆ ಬೀದಿಗೆ ಬಿದ್ದರು. ಚಿತ್ರಗಳನ್ನು ಕೊಳ್ಳುವವರೂ ತೆಗೆಸಿಕೊಳ್ಳುವವರೂ ವಿರಳರಾದರು. ಖರ್ಚನ್ನು ಇಳಿಸಲೆಂದು ದಂಪತಿಗಳು ಮನೆಯನ್ನು ಬಿಟ್ಟು ತಂತಮ್ಮ ಸ್ಟುಡಿಯೊಗಳಲ್ಲಿಯೇ ಉಳಿದರು. ಇಬ್ಬರು ಪುಟ್ಟ ಮಕ್ಕಳನ್ನು ಹಣ ಕೊಟ್ಟು ಬೇರೆಯವರ ಮನೆಯಲ್ಲಿರಿಸಿದರು. ಈ ಅಗಲಿಕೆ ಮಕ್ಕಳ ಮನಸ್ಸಿನಲ್ಲಿ ಮಾಯದ ಗಾಯವನ್ನು ಮಾಡಿತು. ತಾಯಿಗೂ ಅದು ಕೊನೆಯವರೆಗೆ ಕೊರಗಾಗಿ ಉಳಿಯಿತು.

ಆ ದಿನಗಳ ಒಂದು ಬೇಸಗೆಯಲ್ಲಿ, ಬೆಟ್ಟಗಾಡಿಗೆ ಹೋಗಿದ್ದಾಗ ಆಕೆ ಗಿಡಮರ, ಎಲೆಗಳ ಚಿತ್ರಗಳನ್ನು ತೆಗೆಯಲು ಯತ್ನಿಸಿದಳು. ಅದು ಕೈಗೂಡಲಿಲ್ಲ. ಒಂದು ಮಧ್ಯಾಹ್ನ ಗುಡುಗು ಮಳೆ ಕವಿದು ಬಂದಾಗ ಆಕೆ ಬಂಡೆಯೊಂದರ ಮೇಲೆ ಒಬ್ಬಳೇ ಕುಳಿತಿದ್ದಳು. ತಾನು ಮನುಷ್ಯರನ್ನು ಮಾತ್ರ ಚಿತ್ರಿಸಬೇಕು, ಎಲ್ಲ ಬಗೆಯ ಮನುಷ್ಯರನ್ನೂ, ಹಣ ಕೊಡುವವರನ್ನೂ ಕೊಡಲಾರದವರನ್ನೂ ಚಿತ್ರಿಸಬೇಕು ಎಂಬ ನಿಶ್ಚಯ ಆ ಬಿರುಗಾಳಿಯ ನಡುವೆ ತನಗೆ ಬಂದಿತೆಂದು ಆಕೆ ಮುಂದೆ ಹೇಳಿಕೊಂಡಿದ್ದಾಳೆ.

ಆ ವೇಳೆಗೆ ಆಕೆಯ ಸ್ಟುಡಿಯೊ ಮಾಂಟ್‌ಗೊಮೆರಿ ಬೀದಿಗೆ ವರ್ಗವಾಗಿತ್ತು. ಮಹಡಿಯ ಕಿಟಕಿಯ ಬಳಿ ನಿಂತು ಭಾವಚಿತ್ರಗಳ ನೆಗೆಟಿವ್‌ಗಳನ್ನು ಪರೀಕ್ಷಿಸುತ್ತಿರುವಾಗ ಆಕೆಯ ದೃಷ್ಟಿ ಕೆಳಗಿನ ಬೀದಿಯತ್ತ ಹರಿಯುತ್ತಿತ್ತು. ಕೆಲಸವಿಲ್ಲದ ಗಂಡಸರು ಎತ್ತ ಹೋಗಬೇಕೆಂದು ತೋಚದೆ ಮೂಲೆಯಲ್ಲಿ ನಿಂತು, ಮತ್ತೆ ನಡೆದು, ಮತ್ತೆ ನಿಲ್ಲುತ್ತಿದ್ದರು. ಒಳಗೆ ಕೈಯಲ್ಲಿದ್ದ ಚಿತ್ರಕ್ಕೂ ಹೊರಗಿನ ನೋಟಕ್ಕೂ ಇದ್ದ ಅಂತರ ಆಕೆಯನ್ನು ಸುಮ್ಮನಿರಗೊಡಲಿಲ್ಲ. 1933ರಲ್ಲಿ ಒಂದು ದಿನ ಕ್ಯಾಮೆರಾ ಹಿಡಿದು ಕೆಳಗಿಳಿದಳು. ಅಲ್ಲಿಗೆ ಸಮೀಪದಲ್ಲಿ, ಬಿಳಿಯ ದೇವತೆ ಎಂದು ಜನ ಕರೆಯುತ್ತಿದ್ದ ವಿಧವೆಯೊಬ್ಬಳು ಹಸಿದವರಿಗಾಗಿ ಗಂಜಿಕೇಂದ್ರವನ್ನು ನಡೆಸುತ್ತಿದ್ದಳು. ಹತಾಶರಾದ ಜನರ ಗುಂಪು; ಒಬ್ಬಳೇ ಹೋಗಲು ಅಂಜಿ ತಮ್ಮನನ್ನು ಜೊತೆಗೆ ಕರೆದೊಯ್ದಳು. ಅಲ್ಲಿ ತೆಗೆದ ಕೆಲವೇ ಚಿತ್ರಗಳಲ್ಲಿ ಒಂದು ಲೋಕಪ್ರಸಿದ್ಧವಾಗಿದೆ. ಜನರೆಲ್ಲ ಒಂದು ಕಡೆ ಮುಖ ಮಾಡಿ ನಿಂತಿದ್ದಾರೆ. ನಜ್ಜುಗುಜ್ಜಾದ ಟೋಪಿ ಧರಿಸಿದ ಮುದುಕನೊಬ್ಬ ಮಾತ್ರ ಅವರಿಗೆ ಬೆನ್ನು ತಿರುಗಿಸಿ, ಕಟಕಟೆಯ ಮೇಲೆ ಮುಂಗೈಗಳನ್ನು ಊರಿ, ಬೆರಳುಗಳನ್ನು ಹೆಣೆದುಕೊಂಡು ನಿಂತಿದ್ದಾನೆ. ತೋಳುಗಳ ನಡುವೆ ಒಂದು ಖಾಲಿ ತಗಡಿನ ಲೋಟ. ಕಣ್ಣುಗಳು ಟೋಪಿಯ ನೆರಳಿನಲ್ಲಿ ಮರೆಯಾಗಿವೆ.

ಆ ಚಿತ್ರವನ್ನು ಆಕೆ ಸ್ಟುಡಿಯೊದ ಗೋಡೆಗೆ ತೂಗುಹಾಕಿದಳು. ಬಂದ ಗಿರಾಕಿಗಳು ಅದನ್ನು ನೋಡಿ, ಇಂತಹ ಚಿತ್ರದಿಂದ ಏನು ಮಾಡುವೆ ಎಂದು ಕೇಳುತ್ತಿದ್ದರು. ಆಕೆಯ ಬಳಿ ಉತ್ತರವಿರಲಿಲ್ಲ. ಅದನ್ನು ಕೊಳ್ಳುವವರಿಲ್ಲ, ತೆಗೆಯಿಸಿದವರಿಲ್ಲ; ಅದರಲ್ಲಿದ್ದವನಿಗೆ ಅಂತಹದೊಂದು ಚಿತ್ರವಿದೆ ಎಂಬುದೂ ಗೊತ್ತಿಲ್ಲ. ಉತ್ತರ ಹೊರಗಿನಿಂದ ಬಂದಿತು. 1934ರಲ್ಲಿ ಓಕ್‌ಲೆಂಡ್ ನಗರದ ಚಿಕ್ಕ ಪ್ರದರ್ಶನವೊಂದರಲ್ಲಿ ಆಕೆಯ ಬೀದಿಯ ಚಿತ್ರಗಳನ್ನು ಪಾಲ್ ಟೇಲರ್ ಎಂಬಾತ ಕಂಡನು. ಆತ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಪ್ರಾಧ್ಯಾಪಕ. ವಲಸೆ ಬರುವ ಕೃಷಿಕಾರ್ಮಿಕರ ಬವಣೆಯನ್ನು ಅಧ್ಯಯನ ಮಾಡುತ್ತಿದ್ದವನು. ಅಂಕಿಅಂಶಗಳಿಂದ ಅಧಿಕಾರಿಗಳ ಮನಸ್ಸು ಕರಗದು, ಅವರಿಗೆ ಮುಖಗಳನ್ನು ತೋರಿಸಬೇಕು ಎಂದು ಆತನಿಗೆ ಹೊಳೆದಿತ್ತು. 1935ರಲ್ಲಿ ಆತ ಸರ್ಕಾರದ ಪರಿಹಾರ ಇಲಾಖೆಯ ಪರವಾಗಿ ಲ್ಯಾಂಗಳನ್ನು ಕೆಲಸಕ್ಕೆ ತೆಗೆದುಕೊಂಡನು. ಛಾಯಾಗ್ರಾಹಕಿಗೆ ಸಂಬಳ ಕೊಡಲು ಇಲಾಖೆಯ ಲೆಕ್ಕದಲ್ಲಿ ಅವಕಾಶವಿರಲಿಲ್ಲವಾಗಿ, ದಾಖಲೆಯಲ್ಲಿ ಆಕೆಯನ್ನು ಬೆರಳಚ್ಚುಗಾರ್ತಿ ಎಂದು ಬರೆದುಕೊಂಡರು! ಅದೇ ವರ್ಷ ಆಕೆ ಭಾವಚಿತ್ರದ ಸ್ಟುಡಿಯೊವನ್ನು ಮುಚ್ಚಿದಳು. ಡಿಕ್ಸನ್ನನೊಡನೆ ಬಾಳು ಮುರಿದಿತ್ತು. ವರ್ಷದ ಕೊನೆಯಲ್ಲಿ ಆಕೆ ಟೇಲರನನ್ನು ವಿವಾಹವಾದಳು.

ಸುರಕ್ಷಿತವಾದ ಸಂಪಾದನೆಯನ್ನು ಬಿಟ್ಟು ಹೊಲಗದ್ದೆಗಳಿಗೆ ಹೊರಟವಳು ಹಳೆಯ ಕಸುಬನ್ನು ಬಿಟ್ಟು ಹೊರಡಲಿಲ್ಲ. ಸ್ಟುಡಿಯೊದಲ್ಲಿ ಗಿರಾಕಿಗಳಿಗೆ ಚಹಾ ಕೊಟ್ಟು ಮಾತಿಗೆಳೆಯುತ್ತಿದ್ದವಳು, ಈಗ ಕೂಲಿಗಾರರ ಡೇರೆಗಳ ಮುಂದೆ ನಿಂತು ಕುಡಿಯಲು ನೀರು ಕೇಳುತ್ತಿದ್ದಳು; ಆ ನೀರನ್ನು ಗುಟುಕು ಗುಟುಕಾಗಿ ಬಹಳ ಹೊತ್ತು ಕುಡಿಯುತ್ತಿದ್ದಳು. ಅಷ್ಟರಲ್ಲಿ ಯಾವ ಊರು, ಎಷ್ಟು ಮಕ್ಕಳು, ಎಲ್ಲಿ ಬೆಳೆ ಹೋಯಿತು ಎಂಬ ಮಾತು ತಾನಾಗಿ ಬೆಳೆಯುತ್ತಿತ್ತು. ಭಾರವಾದ ಕ್ಯಾಮೆರಾ ಹಿಡಿದು ಕುಂಟುತ್ತ ಬರುವ ಹೆಂಗಸನ್ನು ಕಂಡು ಯಾರೂ ಅಂಜುತ್ತಿರಲಿಲ್ಲ. ಮುಚ್ಚಿಡಲು ತಾಯಿ ಕಲಿಸಿದ ಕುಂಟುಗಾಲೇ ಅಪರಿಚಿತರ ಬಳಿಗೆ ಹೋಗಲು ಆಕೆಗೆ ದಾರಿ ಮಾಡಿಕೊಟ್ಟಿತು.

1936ರ ಮಾರ್ಚಿ ತಿಂಗಳಲ್ಲಿ, ದೀರ್ಘ ಪ್ರವಾಸವನ್ನು ಮುಗಿಸಿ ಆಕೆ ಒಬ್ಬಳೇ ಕಾರಿನಲ್ಲಿ ಮನೆಗೆ ಹಿಂದಿರುಗುತ್ತಿದ್ದಳು. ಮಳೆ ಸುರಿಯುತ್ತಿತ್ತು. ನಿಪೊಮೊ ಎಂಬಲ್ಲಿ ಬಟಾಣಿ ಬಿಡಿಸುವ ಕೂಲಿಗಾರರ ಬೀಡಿದೆ ಎಂಬ ಫಲಕ ಕಣ್ಣಿಗೆ ಬಿದ್ದಿತು. ಸಾಕಷ್ಟು ಚಿತ್ರಗಳಾಗಿವೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಮುಂದೆ ಸಾಗಿದವಳು, ಇಪ್ಪತ್ತು ಮೈಲಿಗಳಾದ ಮೇಲೆ ತಡೆಯಲಾರದೆ ಕಾರನ್ನು ಹಿಂದಕ್ಕೆ ತಿರುಗಿಸಿದಳು. ಹಿಮ ಬಿದ್ದು ಬಟಾಣಿಯ ಬೆಳೆ ಕರಗಿಹೋಗಿತ್ತು. ಕೂಲಿಗೆ ಬಂದವರು ಹಸಿದು ಕುಳಿತಿದ್ದರು. ಹರಕು ಡೇರೆಯೊಂದರ ಕೆಳಗಿದ್ದ ಮೂವತ್ತೆರಡು ವರ್ಷದ ತಾಯಿ ಮತ್ತು ಆಕೆಯ ಮಕ್ಕಳ ಕೆಲವು ಚಿತ್ರಗಳನ್ನು ತೆಗೆದಳು. ಪ್ರತಿ ಚಿತ್ರಕ್ಕೂ ಒಂದೊಂದು ಹೆಜ್ಜೆ ಹತ್ತಿರವಾದಳು. ಕೊನೆಯದರಲ್ಲಿ ಡೇರೆ, ನೆಲ, ಸಾಮಾನುಗಳು ಎಲ್ಲವೂ ಹೊರಗುಳಿದು, ಮುಖ ತಿರುಗಿಸಿ ತಾಯಿಯ ಹೆಗಲಿಗೆ ಒರಗಿದ ಇಬ್ಬರು ಮಕ್ಕಳು, ಮಡಿಲಿನ ಕೂಸು, ಕೆನ್ನೆಗೆ ಕೈಯಾನಿಸಿ ದೂರ ನೋಡುತ್ತಿರುವ ತಾಯಿ ಇಷ್ಟೇ ಉಳಿದರು. ಪರದೆ ಕಂಬಗಳಿಲ್ಲದೆ ಮುಖ ಮತ್ತು ಕೈಗಳಿಂದಲೇ ಒಬ್ಬರನ್ನು ತೋರಿಸುವ ಸಟ್ಟರ್ ಬೀದಿಯ ಅಭ್ಯಾಸ ಇಲ್ಲಿ ಎದ್ದು ಕಾಣುತ್ತದೆ. ಎಲ್ಲವೂ ಹತ್ತು ನಿಮಿಷಗಳಲ್ಲಿ ಮುಗಿಯಿತು.

ಸ್ಯಾನ್ ಫ್ರಾನ್ಸಿಸ್ಕೊದ ಪತ್ರಿಕೆಯಲ್ಲಿ ಬೀಡಿನ ಚಿತ್ರಗಳು ಅಚ್ಚಾದ ಕೂಡಲೇ ಸರ್ಕಾರ ಅಲ್ಲಿಗೆ 20,000 ಪೌಂಡ್ ಆಹಾರವನ್ನು ಕಳುಹಿಸಿತು. ಆದರೆ ಆ ವೇಳೆಗೆ ಚಿತ್ರದಲ್ಲಿದ್ದ ಕುಟುಂಬ ಕೆಲಸ ಹುಡುಕಿಕೊಂಡು ಬೇರೆಡೆಗೆ ಹೊರಟುಹೋಗಿತ್ತು. ಲ್ಯಾಂಗ್ ಆ ತಾಯಿಯ ಹೆಸರನ್ನು ಕೇಳಿರಲಿಲ್ಲ. ಅವಳು ಚೆರೊಕೀ ಬುಡಕಟ್ಟಿಗೆ ಸೇರಿದ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದು ಜಗತ್ತಿಗೆ ತಿಳಿದದ್ದು 1978ರಲ್ಲಿ. ತನ್ನ ಮುಖ ಪುಸ್ತಕಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಹರಡಿದರೂ ತನಗೆ ಅದರಿಂದ ಚಿಕ್ಕಾಸೂ ದೊರೆಯಲಿಲ್ಲ, ತನ್ನನ್ನು ಕೇಳಿದವರೂ ಇಲ್ಲ ಎಂಬುದು ಅವಳ ಅಳಲು. ಲ್ಯಾಂಗ್ ನೀಡಿದ ಕೆಲವು ವಿವರಗಳು ನಿಜವಲ್ಲವೆಂದೂ ಆ ಮನೆಯವರು ಹೇಳಿದರು. ಈ ಅಳಲನ್ನು ತಳ್ಳಿಹಾಕುವಂತಿಲ್ಲ. ಸ್ಟುಡಿಯೊಗೆ ಬಂದವರು ಹಣ ಕೊಟ್ಟು ತಮ್ಮ ಚಿತ್ರಕ್ಕೆ ತಾವೇ ಒಡೆಯರಾಗುತ್ತಿದ್ದರು. ಬೇಡವಾದುದನ್ನು ಬೇಡವೆನ್ನುವ ಹಕ್ಕು ಅವರಿಗಿತ್ತು. ಡೇರೆಯಲ್ಲಿದ್ದವಳಿಗೆ ಆ ಹಕ್ಕು ಇರಲಿಲ್ಲ. ಇತ್ತ ಲ್ಯಾಂಗಳಿಗೂ ಚಿತ್ರದ ಮೇಲೆ ಒಡೆತನವಿರಲಿಲ್ಲ. ಸರ್ಕಾರದ ಸಂಬಳಗಾರ್ತಿಯಾದ ಆಕೆ ತೆಗೆದ ನೆಗೆಟಿವ್ ಸರ್ಕಾರದ ಸ್ವತ್ತಾಗಿತ್ತು.

ಇದೇ ಚಿತ್ರದ ವಿಷಯದಲ್ಲಿ ಮತ್ತೊಂದು ಸಂಗತಿ ಸ್ವಾರಸ್ಯವಾಗಿದೆ. ಮೂಲ ಚಿತ್ರದ ಕೆಳಗಿನ ಮೂಲೆಯಲ್ಲಿ ಡೇರೆಯ ಕಂಬವನ್ನು ಹಿಡಿದ ಒಂದು ಹೆಬ್ಬೆರಳು ಕಾಣುತ್ತಿತ್ತು. 1939ರಲ್ಲಿ ಲ್ಯಾಂಗ್ ನೆಗೆಟಿವನ್ನು ತಿದ್ದಿಸಿ ಅದನ್ನು ಮರೆಮಾಡಿಸಿದಳು. ದಾಖಲೆಯ ಚಿತ್ರವನ್ನು ತಿದ್ದುವುದು ಸಲ್ಲದೆಂದು ಇಲಾಖೆಯ ಮುಖ್ಯಸ್ಥ ರಾಯ್ ಸ್ಟ್ರೈಕರ್ ಅಸಮಾಧಾನಗೊಂಡನು. ಗೆಂಥೆಯ ಸ್ಟುಡಿಯೊದಲ್ಲಿ ಚಾಕು ಹಿಡಿದು ನೆಗೆಟಿವ್‌ಗಳ ಕುಂದನ್ನು ಕೆರೆದು ಪಳಗಿದವಳಿಗೆ ಆ ಹೆಬ್ಬೆರಳು ಕಸವಾಗಿ ಕಂಡಿತು. ಸ್ಟ್ರೈಕರನ ಆಕ್ಷೇಪಣೆಯೂ ನ್ಯಾಯವಾದದ್ದೇ.

1942ರಲ್ಲಿ ಯುದ್ಧದ ಭೀತಿಯಿಂದ ಅಮೆರಿಕ ಸರ್ಕಾರ ತನ್ನದೇ ನೆಲದಲ್ಲಿದ್ದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಮಠಗಳಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಿತು. ಅದರ ಚಿತ್ರಗಳನ್ನು ತೆಗೆಯಲು ಲ್ಯಾಂಗಳನ್ನೇ ನೇಮಿಸಿತು. ಕೊರಳಿಗೆ ಗುರುತಿನ ಚೀಟಿ ಕಟ್ಟಿಸಿಕೊಂಡು ಸಾಲುಗಟ್ಟಿ ನಿಂತ ಮಕ್ಕಳು, ಮುದುಕರ ಮುಖಗಳನ್ನು ಆಕೆ ಇದ್ದಂತೆ ತೋರಿಸಿದಳು. ಹಣ ಕೊಟ್ಟ ಸರ್ಕಾರಕ್ಕೆ ಆ ಚಿತ್ರಗಳು ಹಿಡಿಸಲಿಲ್ಲ. ಯುದ್ಧ ಮುಗಿಯುವವರೆಗೆ ಅವುಗಳನ್ನು ಮುಚ್ಚಿಡಲಾಯಿತು.

ಕೊನೆಯ ಇಪ್ಪತ್ತು ವರ್ಷ ಆಕೆಯ ಆರೋಗ್ಯ ಕೆಡುತ್ತಲೇ ಬಂದಿತು. ಆ ವರ್ಷಗಳಲ್ಲಿ ಆಕೆ ಸ್ಯಾನ್ ಫ್ರಾನ್ಸಿಸ್ಕೊದ ಉತ್ತರಕ್ಕೆ, ಸಮುದ್ರದ ದಂಡೆಯ ಚಿಕ್ಕ ಮರದ ಮನೆಯೊಂದರಲ್ಲಿ ಬಿಡುವನ್ನು ಕಳೆಯುತ್ತ ಮಕ್ಕಳು ಮೊಮ್ಮಕ್ಕಳ ಚಿತ್ರಗಳನ್ನು ತೆಗೆದಳು. 1964ರಲ್ಲಿ ಅನ್ನನಾಳದ ಅರ್ಬುದರೋಗವೆಂದು ವೈದ್ಯರು ತಿಳಿಸಿದಾಗ, ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ಆಕೆಯ ಜೀವಮಾನದ ಕೃತಿಗಳ ಪ್ರದರ್ಶನವನ್ನು ಏರ್ಪಡಿಸುತ್ತಿತ್ತು. ನೋವನ್ನು ಸಹಿಸಿಕೊಂಡು ಸಾವಿರಾರು ಚಿತ್ರಗಳಲ್ಲಿ ಆಯ್ದು, ಜೋಡಿಸಿ, ಕೊನೆಯ ತಿಂಗಳುಗಳನ್ನು ಆಕೆ ಆ ಕೆಲಸಕ್ಕೆ ಕೊಟ್ಟಳು. 1965ರ ಅಕ್ಟೋಬರ್ 11ರಂದು ಆಕೆ ತೀರಿಕೊಂಡಳು. ಪ್ರದರ್ಶನ ಮರುವರ್ಷದ ಜನವರಿಯಲ್ಲಿ ತೆರೆಯಿತು. ಆಕೆಯ ಬಳಿ ಉಳಿದಿದ್ದ ಸುಮಾರು 25,000 ನೆಗೆಟಿವ್‌ಗಳನ್ನೂ ಸಾವಿರಾರು ಮುದ್ರಿತ ಚಿತ್ರಗಳನ್ನೂ ಟೇಲರ್ ಓಕ್‌ಲೆಂಡಿನ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದನು. ಸಟ್ಟರ್ ಬೀದಿಯಲ್ಲಿ ಆಕೆ ಮುದ್ರಿಸಿ ಕೊಟ್ಟ ಭಾವಚಿತ್ರಗಳು ಮಾತ್ರ, ಅವುಗಳಿಗೆ ಹಣ ತೆತ್ತವರ ಮನೆಗಳಿಗೆ ಅಂದೇ ಹೋಗಿದ್ದುವು.